ಒಪ್ಪ ಹಾಕಿದ ಮಾತು

"ಉಪಾಹಾರ ಸಿದ್ಧವಾಗಿದೆ. ತಾವು ದಯಮಾಡಿ ಆಗಮಿಸಬೇಕು," ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು.

ನೆಲದ ಮೇಲೆ ಕೂತು ಶೂಗೆ ಪಾಲಿಶ್ ಉಜ್ಜುತ್ತಿದ್ದ ಅವನ ಕೈಯ ಬ್ರಶ್ಶು ಅಲ್ಲೇ ನಿಂತಿತು. ತಮಾಷೆಗೆ ಅಂದಳೆಂದು ನಗೋಣವೆಂದರೆ ಅವಳ ಮುಖದಲ್ಲಿ ನಗುವಿನ ಸುಳಿವಿಲ್ಲ. ಜಗಳಕ್ಕೆ ಅಂದಳೆಂದು ಎದುರಾಡೋಣವೆಂದರೆ ಮಾತಿನಲ್ಲಿ ಹಿಡಿದುಕೊಳ್ಳುವುದಕ್ಕೆ ಒಂದು ಮುಳ್ಳಿಲ್ಲ. ಅವನ ಕಚೇರಿಯವರು ತಂದ ನಿಘಂಟಿನ ಮೊದಲ ಸಂಪುಟ ಮನೆಗೆ ಬಂದ ದಿನದಿಂದ ಇದೇ ಕಥೆ. ಅದಕ್ಕೆ ಮೊದಲು "ಏಯ್, ಆರಿ ಕಲ್ಲಾಗ್ತಾ ಇದೆ, ನಿಮ್ಮ ತಾತ ಬಂದು ತಿಂತಾನಾ?" ಎಂದು ಕರೆಯುತ್ತಿದ್ದವಳು ಈಗ ಅವನೊಬ್ಬನ ಹತ್ತಿರ ಮಾತ್ರ ಅಚ್ಚಾದ ಪುಸ್ತಕದ ಹಾಗೆ ಮಾತಾಡುತ್ತಾಳೆ. ಹಾಲಿನವನ ಜೊತೆ ಎಂದಿನ ಜೋರು. ಫೋನಿನಲ್ಲಿ ತಂಗಿಯ ಜೊತೆ ಬಿದ್ದು ಬಿದ್ದು ನಗು. ಅವನು ಕೋಣೆಗೆ ಕಾಲಿಟ್ಟನೋ, "ಇಡೇ, ಆಮೇಲೆ ಮಾಡ್ತೀನಿ" ಎಂದು ಫೋನು ಕೆಳಗಿಟ್ಟು ಅವನ ಕಡೆ ತಿರುಗಿ, "ತಮಗೇನಾದರೂ ಬೇಕಿತ್ತೆ?" ನಿನ್ನೆ ಬಚ್ಚಲಿನ ನಲ್ಲಿ ಕೆಟ್ಟಾಗಲೂ, "ನೀರು ಸೋರಿಕೆಯಾಗುತ್ತಿದೆ. ತಾವು ಇತ್ತ ಗಮನಹರಿಸುವುದು ಒಳಿತು." ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಅರ್ಧವಿರಾಮ ಕೂಡ ಕಿವಿಗೆ ಕೇಳಿಸುವ ಹಾಗೆ ಆಡಿದ್ದಳು, ಮಹಾತಾಯಿ.

"ಅಲ್ಲ ಕಣೇ, ಇನ್ನೂ ಎಷ್ಟು ದಿನ ಹೀಗೆ?" ಎಂದ.

"ತಮ್ಮ ಪ್ರಶ್ನೆ ಸ್ಪಷ್ಟವಾಗಿಲ್ಲ," ಎಂದು ಅವಳು ಒಳಗೆ ಹೋದಳು.

ಶೂ ಮಾತ್ರ ಫಳಫಳ ಹೊಳೆಯಿತು. ಬಗ್ಗಿ ನೋಡಿದರೆ ಅದರ ಮೂತಿಯಲ್ಲಿ ಅವನದೇ ಮುಖ, ಮೂಗು ಅಗಲವಾಗಿ, ಹಣೆ ಇಲ್ಲದೆ. ಅದೇ ಶೂ ಹಾಕಿಕೊಂಡು ಅವನು ಕಚೇರಿಗೆ ನಡೆದ. ಕಚೇರಿಯಲ್ಲಿ ಅವನಿಗೆ ಅಲ್ಪವಿರಾಮ ಎಂದು ಹೆಸರು. ಯಾವ ಮಾತಿನ ನಡುವೆಯಾದರೂ ತಟಕ್ಕನೆ ನಿಂತು, ಜೇಬಿನಿಂದ ಚೀಟಿ ತೆಗೆದು, ಎದುರಿನವರು ಆಡಿದ್ದನ್ನು ಗೀಚಿಕೊಂಡು, ಆಮೇಲೆ "ಹ್ಞಾ, ಹೇಳಿ" ಎನ್ನುವ ಅಭ್ಯಾಸಕ್ಕೆ ಸಿಕ್ಕ ಬಿರುದು ಅದು. ತಪ್ಪು ಅವನೊಬ್ಬನದೇ ಅಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ನಿಘಂಟು ಕಟ್ಟುವ ಆ ಕಚೇರಿಯಲ್ಲಿ ದೊಡ್ಡವರು, ಅಂದರೆ ಪ್ರಧಾನ ಸಂಪಾದಕರು, ಒಂದು ನಿಯಮ ಮಾಡಿಟ್ಟಿದ್ದರು: ಕೇಳದೆ ಬರೆಯಬಾರದು. ಒಂದು ಪದಕ್ಕೆ ಎಷ್ಟು ಅರ್ಥವಿದೆಯೋ ಅಷ್ಟಕ್ಕೂ ಒಂದೊಂದು ಉದಾಹರಣೆ ಬೇಕು, ಅದು ಬದುಕಿರುವ ಮನುಷ್ಯರ ಬಾಯಿಂದ ಬಂದು ಬರೆಯುವವನ ಕಿವಿಗೆ ಬಿದ್ದ ಮಾತೇ ಆಗಿರಬೇಕು. ಸರಿ, ಒಳ್ಳೆಯದೇ. ಆದರೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಹಿಡಿದು ತಂದ ಹಸಿ ಮಾತನ್ನು ಹಾಗೇ ಅಚ್ಚು ಹಾಕಿದರೆ ಮರ್ಯಾದೆ ಎಲ್ಲಿ ಉಳಿಯಿತು? ಅದನ್ನು ತೊಳೆದು, ಬಾಚಿ, ಗ್ರಂಥಕ್ಕೆ ತಕ್ಕ ಹಾಗೆ ಮಾಡಬೇಕು. ಆ ಕೆಲಸಕ್ಕೆ ಕಚೇರಿಯಲ್ಲಿ ‘ಒಪ್ಪ ಹಾಕುವುದು’ ಎನ್ನುತ್ತಿದ್ದರು. ಮೀನನ್ನು ಬಲೆ ಹಾಕಿ ಹಿಡಿದು, ಇಸ್ತ್ರಿ ಮಾಡಿ ಮಡಿಸಿಡುವ ಕಸುಬು.

ಒಪ್ಪ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಾತು ಹಿಡಿಯುವುದರಲ್ಲಿ ಅವನು ಸೋಂಬೇರಿ. ಪಕ್ಕದ ಮೇಜಿನಾಕೆ ದಿನಾ ಎರಡೆರಡು ಬಸ್ಸು ಬದಲಾಯಿಸಿ, ನೂಕುನುಗ್ಗಲಿನಲ್ಲಿ ನಿಂತು, ಕಂಡಕ್ಟರನ ಬೈಗುಳದಿಂದ ಹಿಡಿದು ಮುದುಕಿಯರ ಗೊಣಗಾಟದವರೆಗೆ ಬಾಚಿ ತರುತ್ತಿದ್ದಳು. ಅದಕ್ಕೇ ಅವಳು ಬಸ್ಸಕ್ಕ. ಅವನಿಗೆ ಆ ಕಷ್ಟ ಯಾಕೆ? ಮನೆಯಲ್ಲೇ ಗಣಿ ಇತ್ತು. ಹೆಂಡತಿ ಬಾಯಿ ತೆರೆದರೆ ಒಂದು ಚೀಟಿ, ಕೋಪ ಬಂದರೆ ಎರಡು. ಮೊದಲ ಸಂಪುಟದ ಅರ್ಧ ಉದಾಹರಣೆಗಳು ಅವಳ ಅಡುಗೆಮನೆಯವೇ. ಸಂಪುಟ ಬಂದ ಸಂಜೆ ಅವಳು ಕೈ ಒರೆಸಿಕೊಂಡು ಸಂಭ್ರಮದಿಂದಲೇ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಎಷ್ಟು ಭಾರ ಇದೆ ನೋಡು ಇದು! ನಿನ್ನ ತಲೇಲಿರೋ ಹೊಟ್ಟೆಲ್ಲ ಇದಕ್ಕೆ ತುಂಬಿದೀಯ ಅನ್ಸತ್ತೆ." ಅಷ್ಟು ಹೊತ್ತಿಗೇ ಅವನ ಕೈ ಜೇಬಿಗೆ ಹೋಗಿತ್ತು. ಭಾರ ಎಂಬುದಕ್ಕೆ ಒಳ್ಳೆಯ ಮಾತು. ಅವಳು ನಗುತ್ತ ನಗುತ್ತ ಹಾಳೆ ತಿರುಗಿಸಿದಳು, ತಿರುಗಿಸಿದಳು, ಒಂದು ಕಡೆ ನಿಂತಳು. ಮುಚ್ಚು ಎಂಬ ಅರ್ಥ ಕೊಡುವ ಪದ. ಕೆಳಗೆ ಓರೆ ಅಕ್ಷರದಲ್ಲಿ: ‘ತಾಯಿಯ ಮರಣಾನಂತರ ತವರೆಂಬುದು ಮುಚ್ಚಿದ ಮಳಿಗೆಯಂತಾಯಿತು.’ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಅದರ ಅಂಚು ಮೇಜಿನ ಅಂಚಿಗೆ ಸರಿಹೊಂದುವಂತೆ ತಳ್ಳಿ, "ಕೃತಿ ಸೊಗಸಾಗಿ ಮೂಡಿಬಂದಿದೆ. ತಮಗೆ ಅಭಿನಂದನೆಗಳು," ಎಂದಳು.

ಅವನು ಅದನ್ನು ಹೊಗಳಿಕೆ ಎಂದುಕೊಂಡ. ಅಷ್ಟು ಓದಿದವನು ನೋಡಿ.

ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅವನು ಎಲ್ಲರೆದುರು ಓದಬೇಕಾಗಿದ್ದ ಪದ, ಬೇರೆ ಪದಗಳಿಗೆ ಬರ ಬಂದಿತ್ತೋ ಏನೋ, ಪಾಲಿಶ್. ಶೂಗೆ, ಬಾಗಿಲಿಗೆ, ಹಿತ್ತಾಳೆಗೆ ಮಾಡುವುದು ಮೊದಲ ಅರ್ಥ. ಅದಕ್ಕೆ ಕನ್ನಡದಲ್ಲಿ ಏನು ಬರವೇ? ಉಜ್ಜು, ತಿಕ್ಕು, ಬೆಳಗು, ಹೊಳಪು ಕೊಡು, ಮೆರುಗಿಡು. ಚಪ್ಪಲಿ ಹೊಲಿಯುವವನ ಮಾತು ಸಿಕ್ಕಿತ್ತು: "ಚರ್ಮ ಸತ್ತೋಗಿದೆ ಸಾರ್, ಎಷ್ಟು ಉಜ್ಜಿದ್ರೂ ಹೆಣಕ್ಕೆ ಪೌಡರ್ ಹಾಕಿದ ಹಾಗೆ." ಒಪ್ಪ ಹಾಕಿದ ಮೇಲೆ ಅದು ‘ಜೀರ್ಣವಾದ ಚರ್ಮಕ್ಕೆ ಹೊಳಪು ಬಾರದು’ ಎಂದಾಗಿ, ಹೆಣವೂ ಹೋಯಿತು, ಪೌಡರೂ ಹೋಯಿತು. ಬರಹವನ್ನು ತಿದ್ದುವುದು, ತೀಡುವುದು, ನಯ ಮಾಡುವುದು ಎರಡನೆಯ ಅರ್ಥ. ಅದಕ್ಕೆ ದೊಡ್ಡವರದೇ ಮಾತು ಹಾಕಿದ್ದ, ಹಾಕದೆ ಇದ್ದರೆ ಆಗುತ್ತದೆಯೇ? ತಟ್ಟೆ ಖಾಲಿ ಮಾಡಿ ಬಳಿದು ತಿನ್ನುವುದು ಮೂರನೆಯದು. ಅದನ್ನು ಕ್ಯಾಂಟೀನಿನವನು ಎಲ್ಲರೆದುರಿಗೆ ಇವನನ್ನೇ ತೋರಿಸಿ ಅಂದಿದ್ದ, "ಈ ಸಾಹೇಬ್ರ ತಟ್ಟೆ ತೊಳೆಯೋದೇ ಬೇಡ ಬಿಡ್ರಪ್ಪ." ಮುಖ ಕೆಂಪಾದರೂ ಬಿಡದೆ ಬರೆದುಕೊಂಡಿದ್ದ. ನಾಲ್ಕನೆಯದೇ ತೊಡಕು. ಒರಟು ಮನುಷ್ಯನನ್ನು ತಿದ್ದಿ ನಯನಾಜೂಕು ಕಲಿಸುವುದು. ಈ ಅರ್ಥಕ್ಕೆ ಚೀಟಿ ಖಾಲಿ. ಇಂಥ ಮಾತು ಎಲ್ಲಿ ಹುಟ್ಟುತ್ತದೆ? ಮನೆಯಲ್ಲಿ, ಒಬ್ಬರನ್ನೊಬ್ಬರು ಸಹಿಸಿ ಸಾಕಾದವರ ಬಾಯಲ್ಲಿ. ಅವನ ಮನೆಯಲ್ಲಿ ಈಗ ಹುಟ್ಟುತ್ತಿದ್ದದ್ದು ‘ತಾವು ಗಮನಹರಿಸುವುದು ಒಳಿತು.’

ಸುಳ್ಳು ಯಾಕೆ, ಮೊದಮೊದಲು ಅವನನ್ನು ಕಾಡಿದ್ದು ಚೀಟಿಯ ಕೊರತೆಯೇ. ಆಮೇಲಾಮೇಲೆ ಬೇರೇನೋ ಶುರುವಾಯಿತು. ಊಟಕ್ಕೆ ಕೂತಾಗ ಎದುರಿನ ಗೋಡೆ ಹತ್ತಿರ ಬಂದ ಹಾಗೆ. ರಸ್ತೆಯಲ್ಲಿ ಯಾರೋ ಹೆಂಗಸು ಯಾರಿಗೋ "ಥೂ, ನಿನ್ನ ಮುಖಕ್ಕಿಷ್ಟು" ಎಂದರೆ ಆ ಬೈಸಿಕೊಂಡ ಗಂಡಸಿನ ಮೇಲೆ ಹೊಟ್ಟೆಕಿಚ್ಚು! ಒಂದೇ ಒಂದು ಸಲ ಅವಳು ‘ನೀನು’ ಎಂದರೆ ಸಾಕು, ಬೈದೇ ಅನ್ನಲಿ. ಮೇಜಿನ ಮುಂದೆ ಕೂತು ಖಾಲಿ ಚೀಟಿ ನೋಡುತ್ತ ಅವನು ಅವಳು ಏನೆನ್ನಬಹುದಿತ್ತು ಎಂದು ಯೋಚಿಸಿದ. ಅವಳು ಕೆಲಸದ ಜಾಗದಲ್ಲಿ ನಿಲ್ಲುವ ಹಾಗೆ, ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆ ಹಿಡಿದು, ಸೊಂಟ ಒಂದು ಪಕ್ಕಕ್ಕೆ ವಾಲಿಸಿ, ಹುಬ್ಬು ಮೇಲೆತ್ತಿ. ಮಾತು ತಾನೇ ಬಂತು, ಅವಳ ದನಿಯಲ್ಲೇ. ಅವನು ಬರೆದುಬಿಟ್ಟ. ಮೂಲೆಯಲ್ಲಿ ‘ಹೇಳಿದವರು: ಹೆಂಡತಿ’ ಎಂದೂ ಬರೆದ. ಒಪ್ಪ ಹಾಕಲು ಯಾಕೋ ಕೈ ಬರಲಿಲ್ಲ.

ಮಧ್ಯಾಹ್ನ ಉದ್ದ ಮೇಜಿನ ಸುತ್ತ ಎಲ್ಲರೂ ಕೂತರು. ಟೀ ಬಂತು. ಅವನು ಓದಿದ. ಚರ್ಮಕ್ಕೆ ಯಾರೂ ಮಿಸುಕಲಿಲ್ಲ. ದೊಡ್ಡವರ ಮಾತಿಗೆ ದೊಡ್ಡವರೇ ತಲೆದೂಗಿದರು. ತಟ್ಟೆಯ ಮಾತಿಗೆ ಕ್ಯಾಂಟೀನಿನ ನೆನಪಾಗಿ ಇಬ್ಬರು ಕೆಮ್ಮಿದರು. ನಾಲ್ಕನೆಯದನ್ನು ಅವನು ತಗ್ಗಿದ ದನಿಯಲ್ಲಿ ಓದಿದ: "ನಿನ್ನನ್ನ ಉಜ್ಜಿ ಉಜ್ಜಿ ನನ್ನ ಕೈ ಸವೀತೇ ಹೊರತು, ನಿನಗೊಂದಿಷ್ಟು ಹೊಳಪು ಬರ್ಲಿಲ್ವಲ್ಲೋ."

ಮೇಜು ಘೊಳ್ಳೆಂದಿತು. ಬಸ್ಸಕ್ಕ ಟೀ ಚೆಲ್ಲಿಕೊಂಡಳು. ದೊಡ್ಡವರು ಮಾತ್ರ ನಗಲಿಲ್ಲ, ಕನ್ನಡಕ ತೆಗೆದರು.

"ಯಾರು ಹೇಳಿದ್ದು?"

"ನನ್ನ... ಹೆಂಡತಿ."

"ತುಂಬಾ ಚೆನ್ನಾಗಿದೆ. ತುಂಬಾ ಚೆನ್ನಾಗಿದ್ರೆ ನನಗೆ ಅನುಮಾನ. ಬಾಯಿಸಾಕ್ಷಿ ತಗೊಳ್ಳೋಣ. ನಂಬರ್ ಹೇಳಿ."

ಬಾಯಿಸಾಕ್ಷಿ ಎಂದರೆ ಆ ಕಚೇರಿಯ ಸೆಷನ್ಸ್ ಕೋರ್ಟು. ಮಾತಿನ ಮೇಲೆ ಸಂದೇಹ ಬಂದರೆ, ಆಡಿದವರಿಗೆ ಎಲ್ಲರೆದುರಿಗೆ ಫೋನು ಮಾಡಿ ಕೇಳುವುದು. ಹಿಂದೊಮ್ಮೆ ಮೂಲೆಯ ಮೇಜಿನವನೊಬ್ಬ ತನ್ನ ಕ್ಷೌರಿಕನ ಹೆಸರಿನಲ್ಲಿ ಒಂದು ಮಾತು ಹೊಸೆದು ತಂದು, ಆ ಕ್ಷೌರಿಕ "ನಾನಾ? ನಾನು ಹಂಗೆಲ್ಲ ಮಾತಾಡಲ್ಲ ಸಾರ್, ಅವರ ತಲೆ ನನ್ನ ಕೈಲಿರುತ್ತೆ ನಿಜ, ನಾಲಿಗೆ ಅಲ್ಲ" ಎಂದುಬಿಟ್ಟು, ಆ ಮನುಷ್ಯ ಮರುತಿಂಗಳೇ ಬೇರೆ ಕೆಲಸ ಹುಡುಕಿಕೊಂಡಿದ್ದ. ಕ್ಷೌರಿಕನ ಮಾತು ಮಾತ್ರ ನಿಘಂಟಿಗೆ ಬಂತು. ಈಗ ಫೋನು ಮೇಜಿನ ನಡುವೆ ರಿಂಗಾಗುತ್ತಿತ್ತು. ಅವಳು ಕೆಲಸ ಮಾಡುವ ಕನ್ನಡಕದಂಗಡಿ ಈ ಹೊತ್ತಿನಲ್ಲಿ ಖಾಲಿ ಇರುತ್ತದೆ, ತಕ್ಷಣ ತೆಗೆಯುತ್ತಾಳೆ. ತೆಗೆದು, ‘ಅಯ್ಯೋ, ನಾನ್ಯಾವಾಗ ಅಂದೆ?’ ಎಂದರೆ ಮುಗಿಯಿತು. ಅನ್ನಲಿ. ಹಾಗಾದರೂ ಅನ್ನಲಿ, ಆ ದನಿಯಲ್ಲಿ.

"ಹಲೋ, ಯಾರ್ರೀ?" ಎಂದಿತು ಫೋನು. ಎಷ್ಟು ದಿನವಾಗಿತ್ತು ಆ ‘ಯಾರ್ರೀ’ ಕೇಳಿ! ದೊಡ್ಡವರು ಪರಿಚಯ ಹೇಳಿದರು, ಮಾತನ್ನು ಓದಿದರು, ಇದು ನಿಮ್ಮದೇನಮ್ಮಾ ಎಂದರು. ಅತ್ತ ಕಡೆ ಉಸಿರು ಹೊರಬಂದ ಸದ್ದಾಯಿತು, ನಗುವೋ ನಿಟ್ಟುಸಿರೋ.

"ಹೌದು," ಎಂದಳು. "ಆ ವಾಕ್ಯವನ್ನು ನಾನೇ ನುಡಿದಿರುವೆನು. ಸಂದೇಹಕ್ಕೆ ಆಸ್ಪದವಿಲ್ಲ. ತಮ್ಮ ಸಂಸ್ಥೆಗೆ ನನ್ನ ಶುಭಾಶಯಗಳು."

ಯಾರೂ ನಗಲಿಲ್ಲ. ದೊಡ್ಡವರು ಫೋನನ್ನು ದೇವರ ಹೂವಿನ ಹಾಗೆ ಕೆಳಗಿಟ್ಟು, "ಎಂಥಾ ಶುದ್ಧವಾದ ಭಾಷೆ! ನಮ್ಮ ನಿಘಂಟಿನ ಪ್ರಭಾವ ಮನೆಮನೆಗೂ ಹಬ್ಬಿದೆ," ಎಂದು ಎಲ್ಲರ ಮುಖ ನೋಡಿದರು. ದೂರದ ಬೆಟ್ಟ ನುಣ್ಣಗೆ. ಬಸ್ಸಕ್ಕನಿಗೆ ಮಾತ್ರ ಬಸ್ಸಿನ ಕಿವಿ, ಅವಳು ಅವನ ಕಡೆ ವಾಲಿ ಮೆಲ್ಲಗೆ, "ನಿಮ್ಮನೇಲಿ ಹಿಂಗೇ ಮಾತಾಡ್ತಾರಾ?" ಎಂದಳು. ಅದರಲ್ಲಿ ಕುಹಕವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮರುಕವಿತ್ತು. ಸತ್ತವರ ಮನೆಗೆ ಹೋದಾಗ ದನಿ ತಗ್ಗಿಸುತ್ತಾರಲ್ಲ, ಹಾಗೆ. ಒಪ್ಪ ಹಾಕಿ ಕೊಡಿ ಎಂದು ಚೀಟಿ ಅವನ ಕೈಗೆ ವಾಪಸು ಬಂತು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಕಚೇರಿ ಬಿಡುವ ಮುಂಚೆಯೇ ಹೊರಬಿದ್ದು ಅವನು ಕನ್ನಡಕದಂಗಡಿಯ ಕಡೆ ಹೆಜ್ಜೆ ಹಾಕಿದ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಅವಳು ಹೌದು ಅಂದದ್ದು ಯಾಕೆ? ಉಳಿಸುವುದಕ್ಕೋ, ಎಲ್ಲರೆದುರಿಗೆ ತೋರಿಸಿ ಮುಳುಗಿಸುವುದಕ್ಕೋ? ಒಂದು ಅಂಗಡಿಯ ಗಾಜು ದಾಟುವಾಗ ಉಳಿಸಲು ಎನಿಸಿತು, ಮುಂದಿನದನ್ನು ದಾಟುವಾಗ ಅಲ್ಲ ಎನಿಸಿತು. ಏನು ಹೇಳಬೇಕೆಂದು ತಲೆಯಲ್ಲಿ ಸಾಲು ಹಚ್ಚಿದ. ಕ್ಷಮಿಸು. ಬೇಡ, ಅದು ಬಸ್ಸಿನಲ್ಲಿ ಕಾಲು ತುಳಿದಾಗ ಅನ್ನುವುದು. ಮನ್ನಿಸು. ಥತ್, ನಾಟಕ. ನನ್ನಿಂದ ಅಪರಾಧವಾಗಿದೆ. ಅದಕ್ಕೆ ವಕೀಲರು ಬೇಕು. ಪದಕ್ಕೆ ಪದ ಸವರಿ ಸವರಿ, ಅಂಗಡಿ ತಲುಪುವ ಹೊತ್ತಿಗೆ ಹೇಳಬೇಕಾದದ್ದು ನುಣ್ಣಗಾಗಿ ಬೆರಳಿನಿಂದ ಜಾರಿ ಹೋಗಿತ್ತು. ಅತ್ತೆ ತೀರಿಕೊಂಡ ದಿನ ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು, ತಲೆ ಕೆದರಿ, ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕಿರಲಿಲ್ಲ. "ಅಮ್ಮ ಹೋದ್ಮೇಲೆ ನಂಗೆ ತವರು ಅನ್ನೋದು ಬಾಗಿಲು ಹಾಕಿದ ಅಂಗಡಿ ಆಗೋಯ್ತು ಕಣೋ. ಇನ್ನು ತಟ್ಟಿದ್ರೂ ಯಾರು ಬರ್ತಾರೋ." ಅವನು ಅವಳ ಭುಜ ಹಿಡಿದಿದ್ದ. ಹಿಡಿದುಕೊಂಡೇ ಇರಬೇಕಿತ್ತು.

ಅಂಗಡಿಯಲ್ಲಿ ಒಬ್ಬ ಮುದುಕ ಕನ್ನಡಿಯ ಮುಂದೆ ಹೊಸ ಕನ್ನಡಕ ಹಾಕಿಕೊಂಡು ಆ ಕಡೆ ಈ ಕಡೆ ತಿರುಗುತ್ತಿದ್ದ. "ಕಿವಿ ಹತ್ರ ಕಚ್ತಾ ಇದ್ರೆ ಈಗ್ಲೇ ಹೇಳಿಬಿಡಿ ಅಜ್ಜ, ಆಮೇಲೆ ಮನೇಗೆ ಹೋಗಿ ಸೊಸೆ ಮೇಲೆ ರೇಗಬೇಡಿ," ಎಂದು ಅವಳು ನಗಿಸುತ್ತಿದ್ದಳು. ಬಾಗಿಲಲ್ಲಿ ಗಂಡನನ್ನು ಕಂಡದ್ದೇ ನಗು ಮಡಿಸಿ ಇಟ್ಟಳು. ಮುದುಕ ಹೋದ. ಅವಳು ಗಾಜೊಂದನ್ನು ಎತ್ತಿ, ಬಾಯಿಂದ ಹಬೆ ಊದಿ, ಹಳದಿ ಬಟ್ಟೆಯಿಂದ ಒರೆಸತೊಡಗಿದಳು.

"ತಾವು ಇತ್ತ ಬಂದ ಕಾರಣ?"

ಹಚ್ಚಿಕೊಂಡು ಬಂದ ಸಾಲೆಲ್ಲ ಎಲ್ಲಿ ಹೋಯಿತೋ. "ತಪ್ಪಾಯ್ತು ಕಣೇ," ಎಂದ. "ಬೈಯ್ಯೇ. ಏನಾದ್ರೂ ಅನ್ನು. ಬಾಯಿಗೆ ಬಂದ ಹಾಗೆ ಅನ್ನು. ಹಿಂಗೆ ಮಾತ್ರ ಮಾತಾಡಬೇಡ, ನನ್ನ ಕೈಲಿ ಆಗ್ತಿಲ್ಲ."

ಒರೆಸುತ್ತಿದ್ದ ಕೈ ನಿಂತಿತು.

"ಆಗ್ತಿಲ್ವಾ?" ಎಂದಳು. ಅವನಿಗೆ ಮೈ ಜುಮ್ಮೆಂದಿತು. "ಆಗ್ತಿಲ್ವಾ ನಿಂಗೆ? ಅಯ್ಯೋ ಪಾಪ ಮಗುವೇ! ಆ ನಿಮ್ಮ ದೊಡ್ಡವರು ಓದಿದ ಮಾತು ಕೇಳಿ ನಂಗೆ ನಗು ಬಂತು, ಗೊತ್ತಾ? ನಾನು ಅಂದಿದ್ದಲ್ಲ ಅದು. ಆದ್ರೆ ಅನ್ನಬೇಕಾಗಿದ್ದಿದ್ದು ಅದೇ. ಪರ್ವಾಗಿಲ್ವೇ, ಈ ಕಲ್ಲುಬಂಡೆ ಇಷ್ಟು ವರ್ಷ ಏನೋ ಒಂಚೂರು ಕೇಳಿಸ್ಕೊಂಡಿದೆ ಅನ್ನಿಸ್ತು. ಅದಕ್ಕೇ ಹೌದು ಅಂದೆ. ಸಂತೋಷ ಪಡಬೇಡ, ಇನ್ನೂ ಮುಗಿದಿಲ್ಲ!" ಅವನು ತಲೆಯಾಡಿಸಿದ. ಬೇಗ ಬೇಗ ಆಡಿಸಿದ. ಮುಗಿಯದೇ ಇರಲಿ. "ಅಮ್ಮ ಹೋದ ದಿವ್ಸ ನಾನು ಆ ಮಾತಂದೆ, ನೀನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ನಾನೇನಂದ್ಕೊಂಡೆ ಗೊತ್ತಾ? ಪಾಪ, ನನ್ನೆದುರಿಗೆ ಅಳಬಾರದು ಅಂತ ಒಳಗೆ ಹೋಗಿ ಅಳ್ತಾ ಇದಾನೆ ಅಂದ್ಕೊಂಡೆ. ಇಷ್ಟು ವರ್ಷ ಅದನ್ನೇ ಅಂದ್ಕೊಂಡು ನಿನ್ನ ಎಲ್ಲಾನೂ ಸಹಿಸ್ಕೊಂಡೆ ಕಣೋ. ಯಾರಾದ್ರೂ ನಿನ್ನ ಗಂಡ ಮರದ ಕೊರಡು ಅಂದ್ರೆ, ನಿಮಗೇನು ಗೊತ್ತು, ನಮ್ಮಮ್ಮಂಗೆ ಅತ್ತಿದಾನೆ ಅಂತಿದ್ದೆ. ಆ ಪುಸ್ತಕ ನೋಡಿದ ಮೇಲೆ ಗೊತ್ತಾಯ್ತು ನೀನು ಒಳಗೆ ಏನ್ ಮಾಡ್ತಿದ್ದೆ ಅಂತ. ಬರ್ಕೊಳ್ತಿದ್ದೆ! ಬರ್ಕೊಂಡ್ರೆ ಬರ್ಕೋ, ನಾನಂದಿದ್ದನ್ನಾದ್ರೂ ಬರ್ಕೊಂಡ್ಯಾ? ಮರಣಾನಂತರವಂತೆ! ಮಳಿಗೆಯಂತೆ! ಯಾರ ಅಮ್ಮ ಸತ್ತಿದ್ದು ಅಲ್ಲಿ? ತಟ್ಟಿದ್ರೂ ಯಾರು ಬರ್ತಾರೆ ಅಂದಿದ್ನಲ್ಲ, ಅದೆಲ್ಲಿ ಹೋಯ್ತು?"

ಅವನ ಕಣ್ಣು ತುಂಬಿತ್ತು. ಗಾಜಿನ ಕಪಾಟುಗಳಲ್ಲಿನ ಕನ್ನಡಕಗಳೆಲ್ಲ ಒಂದರೊಳಗೊಂದು ಕರಗಿ ತೇಲುತ್ತಿದ್ದವು. ಮುಂಜಾನೆಯಿಂದ, ಅಲ್ಲ, ಎಷ್ಟೋ ಮುಂಜಾನೆಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯುತ್ತಿತ್ತು. ಅವಳು ಬೈಯುತ್ತಿದ್ದಳು, ‘ನೀನು’ ಎನ್ನುತ್ತಿದ್ದಳು, ‘ಕಣೋ’ ಎನ್ನುತ್ತಿದ್ದಳು. ಮೂಗು ಕೆಂಪಾಗಿತ್ತು. ಬಟ್ಟೆ ಹಿಡಿದ ಕೈಯನ್ನು ಕೌಂಟರಿನ ಈಚೆಗೆ ಅವನ ತೋಳಿನ ತನಕ ಚಾಚಿ, ಅವನನ್ನು ಮುಟ್ಟಿಯೇ ಬಿಟ್ಟಳು. ದನಿ ತಗ್ಗಿತು.

"ನಿನ್ನ ಜೊತೆ ಮಾತಾಡೋದು ಅಂದ್ರೆ ಹೆಂಗೆ ಗೊತ್ತೇನೋ," ಎಂದಳು, "ನಿನ್ನ ಜೊತೆ ಮಾತಾಡೋದು ಅಂದ್ರೆ..."

ಅಲ್ಲೇ ನಿಂತಳು. ಅವಳ ಕಣ್ಣು ಅವನ ಮುಖದಿಂದ ಕೆಳಗಿಳಿದು ಎದೆಯ ಹತ್ತಿರ ನೆಟ್ಟಿತ್ತು. ಅವನೂ ಕೆಳಗೆ ನೋಡಿದ. ಅವನ ಬಲಗೈ ಅಂಗಿಯ ಜೇಬಿನೊಳಗಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಾಣೆಗೂ ಗೊತ್ತಿರಲಿಲ್ಲ.

"ಇಲ್ಲ ಕಣೇ, ಕರ್ಚೀಫು," ಎಂದ. "ಕಣ್ಣು ಒರೆಸ್ಕೊಳ್ಳೋಕೆ. ನಿನ್ನಾಣೆ, ಕರ್ಚೀಫಿಗೆ..." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಇವನನ್ನು ಯಾರೂ ಕೇಳಿಯೇ ಇರಲಿಲ್ಲ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಪಕ್ಕ ಇಟ್ಟಳು. ಮುಖದ ಮೇಲಿದ್ದದ್ದೆಲ್ಲ, ಕೆಂಪು, ಒದ್ದೆ, ಸಿಟ್ಟು, ಒಂದೊಂದಾಗಿ ಅಳಿಸಿ ಹೋಯಿತು.

"ಮಳಿಗೆಯನ್ನು ಮುಚ್ಚುವ ವೇಳೆಯಾಯಿತು," ಎಂದಳು. "ತಾವು ಹೊರಗೆ ನಿಲ್ಲುವಿರಾ?"

ಅವನು ಹೊರಗೆ ನಿಂತ. ಒಳಗೆ ದೀಪಗಳು ಒಂದೊಂದೇ ಆರಿದವು. ಕರ್ಚೀಫು ಪ್ಯಾಂಟಿನ ಜೇಬಿನಲ್ಲಿತ್ತು. ದಿನಾ ಅಲ್ಲೇ ಇರುತ್ತದೆ, ಬೆಳಿಗ್ಗೆ ಅವನೇ ಮಡಿಸಿ ಇಟ್ಟುಕೊಳ್ಳುತ್ತಾನೆ. ಅಂಗಿಯ ಜೇಬಿನಿಂದ ಕೈ ಹೊರಗೆ ತೆಗೆದ. ಬೆರಳುಗಳ ನಡುವೆ ಪೆನ್ನಿತ್ತು, ಅದರ ಮುಚ್ಚಳ ಆಗಲೇ ಕಳಚಿತ್ತು. ಅವಳು ಷಟರು ಎಳೆದು, ಬೀಗ ಹಾಕಿ, ಎಳೆದು ನೋಡಿ, ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಅವಳು ಅರ್ಧಕ್ಕೆ ಬಿಟ್ಟ ಮಾತನ್ನು ಮನಸ್ಸಿನಲ್ಲೇ ಮುಗಿಸಲು ನೋಡುತ್ತ ಹಿಂದಿನಿಂದ ಅವನು ಹೋಗುತ್ತಿದ್ದ. ನಿನ್ನ ಜೊತೆ ಮಾತಾಡೋದು ಅಂದ್ರೆ ತಳ ಇಲ್ಲದ ಕೊಡಕ್ಕೆ ನೀರು ತುಂಬಿದ ಹಾಗೆ. ಅಲ್ಲ, ಅದು ಹಳೆಯ ಮಾತು, ಅವಳು ಹಳೆಯದನ್ನು ಆಡುವವಳಲ್ಲ. ನಿನ್ನ ಜೊತೆ ಮಾತಾಡೋದು ಅಂದ್ರೆ ಪೊಲೀಸರ ಹತ್ತಿರ ಹೇಳಿಕೆ ಕೊಟ್ಟ ಹಾಗೆ. ಹತ್ತಿರ ಬಂತು, ಆದರೂ ಅವಳು ಮುಟ್ಟಿದ ಕೈಯಲ್ಲಿ ಅದಿರಲಿಲ್ಲ. ಅದೇನೋ ಬೇರೆಯೇ ಇತ್ತು, ಇನ್ನೂ ಮೆತ್ತಗಿನದು. ಒಂದು ಕ್ಷಣ ತನ್ನ ಕೈ ಸುಮ್ಮನಿದ್ದಿದ್ದರೆ ಕಿವಿಗೆ ಬೀಳುತ್ತಿತ್ತು.

"ತಾವು ಏನನ್ನೋ ಗೊಣಗುತ್ತಿರುವಂತಿದೆ," ಎಂದಳು ಅವಳು, ತಿರುಗದೆ.

"ಏನಿಲ್ಲ," ಎಂದ ಅವನು.